ನಮ್ಮ ಕೆರೆಯಲ್ಲಿ ಮಾವನವರ ಬೋಟಿಂಗ್

ಉದ್ದ ಪೀಠಿಕೆ ನನಗೆ ಆಗಿಬರುವುದಿಲ್ಲ. ಹೊಳಲೂರಿನ ಹತ್ತಿರ ನಮ್ಮ ಹೊಲದ ತಲೆಗೆ ಒಂದು ಸಣ್ಣ ಕೆರೆ ಇದೆ. ಸರ್ಕಾರದ್ದಲ್ಲ, ನಮ್ಮದೇ. ನಮ್ಮಜ್ಜ ಮಣ್ಣು ಹೊತ್ತು ಏರಿ ಹಾಕಿದ್ದು. ಏರಿಯ ಒಂದು ತುದಿಗೆ ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹಳ್ಳಕ್ಕೆ ಹರಿದುಹೋಗಲಿ ಎಂದು ಎತ್ತಿನಗಾಡಿ ಹಿಡಿಸುವಷ್ಟು ಅಗಲಕ್ಕೆ ಬಿಟ್ಟ ಜಾಗ ಅದು. ನಾನು ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವವನು. ಹತ್ತನೇ ಕ್ಲಾಸಿನ ಗಣಿತಕ್ಕೂ ನನಗೂ ಕೊನೆಗೂ ಹೊಂದಾಣಿಕೆ ಆಗಲಿಲ್ಲ. ಆದರೆ ಕೆರೆ ಇಟ್ಟುಕೊಳ್ಳಲು ಗಣಿತ ಯಾಕೆ? ಮಳೆ ಬರುತ್ತದೆ, ನೀರು ನಿಲ್ಲುತ್ತದೆ. ಅಷ್ಟೇ ಎಂದುಕೊಂಡಿದ್ದೆ.

ಎಡವಟ್ಟು ಶುರುವಾದದ್ದು ಭದ್ರಾವತಿಯಲ್ಲಿ. ನನ್ನ ಹೆಂಡತಿ ರೂಪಾಳ ತವರು ಅಲ್ಲಿಯ ಓಲ್ಡ್ ಟೌನ್. ಮಾವನವರಿಗೆ ಬಟ್ಟೆ ಅಂಗಡಿ ಇದೆ, ಅದಕ್ಕಿಂತ ದೊಡ್ಡ ಬಾಯಿ ಇದೆ. ಒಂದು ನಾಮಕರಣದ ಊಟದಲ್ಲಿ, ತುಂಬಿದ ಪಂಕ್ತಿಯಲ್ಲಿ, ಯಾರೋ ಭದ್ರಾ ಡ್ಯಾಮಿನ ಮಾತು ತೆಗೆದರು. ಮಾವ ತಕ್ಷಣ, "ನಮ್ಮ ಅಳಿಯಂದ್ರದ್ದೂ ಒಂದು ಹೊಂಡ ಇದೆ ಕಣ್ರಿ. ಎಮ್ಮೆ ತೊಳೆಯೋಕೆ ಬಹಳ ಅನುಕೂಲ" ಎಂದರು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನೂ ಸೌಟು ಹಿಡಿದುಕೊಂಡು ನಕ್ಕ!

"ಹೊಂಡ ಅಲ್ಲ ಮಾವ, ಕೆರೆ" ಎಂದೆ. "ಬರೋ ಭಾನುವಾರ ಎಲ್ರೂ ಬನ್ನಿ. ಕೆರೆಗೆ ಬಾಗಿನ ಕೊಡೋಣ. ಬೋಟಿಂಗೂ ಇದೆ!"

ಬೋಟ್ ಇರಲಿಲ್ಲ.

ನಾಲ್ಕು ನೀಲಿ ಡ್ರಮ್ಮು, ಮೇಲೆ ಸೆಂಟ್ರಿಂಗ್ ಹಲಗೆ, ಸುತ್ತ ನೈಲಾನ್ ಹಗ್ಗ. ಬೋಟ್ ತಯಾರು. ತಳ್ಳಲು ಒಂದು ಬಿದಿರಿನ ಗಳ. ಸುರಕ್ಷತೆಯ ವಿಷಯದಲ್ಲಂತೂ ನಾನು ಯಾರಿಗೂ ಕಮ್ಮಿ ಇಲ್ಲ. ಟ್ರ್ಯಾಕ್ಟರಿನ ಹಳೆ ಟ್ಯೂಬುಗಳಿಗೆ ಗಾಳಿ ತುಂಬಿಸಿ ಸಾಲಾಗಿ ಇಟ್ಟೆ. 'ಆಳ ಇದೆ, ಇಳಿಯಬೇಡಿ', 'ಏರಿಯ ಮೇಲೆ ಓಡಬೇಡಿ', 'ಮಕ್ಕಳ ಕೈ ಬಿಡಬೇಡಿ' ಎಂದು ಬೋರ್ಡ್ ಬರೆಸಿ ನೆಟ್ಟೆ. ಕೊರಳಿಗೆ ಒಂದು ಸೀಟಿಯನ್ನೂ ಕಟ್ಟಿಕೊಂಡೆ.

ಒಂದೇ ಒಂದು ಕೊರತೆ. ಕೆರೆ ತುಂಬಿದ ಹಾಗೆ ಕಾಣುತ್ತಿರಲಿಲ್ಲ. ಶ್ರಾವಣದ ಮಳೆ ಬಂದಷ್ಟೂ ನೀರು ಕೋಡಿಯಲ್ಲಿ ಹೋಗುತ್ತಿತ್ತು. ನೀರಿನಿಂದ ಏರಿಯ ತಲೆಯವರೆಗೆ ಬೋಳು ಮಣ್ಣು. ಬಾಗಿನ ಕೊಡುವುದು ತುಂಬಿದ ಕೆರೆಗೆ. ಇದನ್ನು ನೋಡಿದರೆ ಮಾವ ಮತ್ತೆ ಎಮ್ಮೆ ತರುತ್ತಾರೆ, ಮಾತಿನಲ್ಲಿ! ಮರಳಿನ ಚೀಲ ತಂದು ಕೋಡಿ ಮುಚ್ಚಿದೆ. ಗಟ್ಟಿ ಇರಲಿ ಎಂದು ಮರಳಿಗೆ ಸಿಮೆಂಟ್ ಬೇರೆ ಕಲಸಿದ್ದೆ.

ಏರಿಯ ಕೆಳಗಿನ ಗದ್ದೆ ಹಾಲೇಶಣ್ಣನದು. ಆಗಷ್ಟೇ ನಾಟಿ ಮುಗಿಸಿದ್ದ. ಕೊನೆಯ ಚೀಲ ಇಡುವಾಗ ಬಂದು ನಿಂತ.

"ಏ ನಾಗ, ಕೋಡಿ ಯಾಕೋ ಮುಚ್ತಿದೀಯ? ಅದೇನು ಚಂದಕ್ಕೆ ಬಿಟ್ಟಿದಾರೆ ಅನ್ಕಂಡ್ಯಾ?"

"ಚಂದ ಇಲ್ಲ ಅಂತಾನೇ ಮುಚ್ತಿರೋದು ಹಾಲೇಶಣ್ಣ!"

"ಮಣ್ಣಿನ ಏರಿ ಮಾರಾಯ ಅದು. ನೀರು ತಲೆ ಹತ್ತಿದ್ರೆ ಕುಸಿಯುತ್ತೆ. ನನ್ನ ನಾಟಿ ಪೂರ್ತಿ ಕೆಸರಲ್ಲಿ ಹೋಗುತ್ತೆ."

"ನಮ್ಮಜ್ಜ ಕಟ್ಟಿದ್ದು, ಏನೂ ಆಗಲ್ಲ."

"ಕೋಡಿ ಬಿಟ್ಟೋನೂ ನಿಮ್ಮಜ್ಜನೇ ಕಣೋ!"

ನಾನು ಸೀಟಿ ಊದಿದೆ.

ರೂಪಾ ಬಂದವಳು ಬೋರ್ಡುಗಳನ್ನೆಲ್ಲ ಓದಿದಳು. "ರೀ, ಇಷ್ಟೊಂದು ಬರೆಸಿದೀರಲ್ಲ, 'ಕೋಡಿ ಮುಚ್ಚಬೇಡಿ' ಅಂತ ಒಂದು ಬರೆಸ್ಬಾರದಿತ್ತಾ?"

"ಅದನ್ನ ಓದೋರು ಯಾರು?"

"ನೀವೇ!"

ಶನಿವಾರ ಮಳೆ ಜಡಿಯಿತು. ಭಾನುವಾರ ಬೆಳಿಗ್ಗೆ ನೋಡಿದರೆ ನೀರು ಏರಿಯ ತಲೆಗೆ ತಾಗಿಕೊಂಡು ತುಳುಕುತ್ತಿತ್ತು. ಸಮುದ್ರ! ನನ್ನ ಎದೆ ಅದಕ್ಕಿಂತ ಎತ್ತರಕ್ಕೆ ಉಬ್ಬಿತು.

ಭದ್ರಾವತಿಯಿಂದ ಗಾಡಿ ತುಂಬ ನೆಂಟರು ಇಳಿದರು. ಮಾವ ಏರಿ ಹತ್ತಿ, ನೀರು ನೋಡಿಕೊಂಡು ಆ ತುದಿಯವರೆಗೆ ನಡೆದು ವಾಪಸ್ ಬಂದರು. ನನ್ನ ಮದುವೆಯಾದ ಮೇಲೆ ನನ್ನದೊಂದನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ, "ಅಳಿಯಂದ್ರೆ, ಕೆರೆನೇ ಇದು" ಎಂದರು. ಆ ಕ್ಷಣಕ್ಕೇ ಎಲ್ಲ ಮುಗಿದಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ.

ಮಾವನನ್ನು ಟ್ಯೂಬಿನೊಳಗೆ ಇಳಿಸಿದೆವು. ಹೊಟ್ಟೆಯ ಹತ್ತಿರ ಟ್ಯೂಬು ನಿಂತುಬಿಟ್ಟಿತು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. "ಬಿಗಿಯಾಗಿದ್ರೆ ಸೇಫು ಮಾವ" ಎಂದು ಹಾಗೇ ಬೋಟಿನ ಮೇಲೆ ಕೂರಿಸಿ ಗಳ ಕೈಗೆ ಕೊಟ್ಟೆ. ಅವರು ಕೆರೆಯ ನಡುವೆ ರಾಜರ ಹಾಗೆ ತೇಲತೊಡಗಿದರು.

ಇತ್ತ ಅತ್ತೆ ಮತ್ತು ಹೆಂಗಸರು ಏರಿಯ ಕೆಳಗೆ ಹೊಂಗೆಮರದ ನೆರಳಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚಿದರು.

"ರೂಪಾ, ಯಾರೇ ಇಲ್ಲಿ ನೀರು ಚೆಲ್ಲಿದ್ದು?"

"ಯಾರೂ ಇಲ್ಲಮ್ಮ."

ಜಮಖಾನ ಪಕ್ಕಕ್ಕೆ ಎಳೆದರು. ಅಲ್ಲಿಯೂ ಒದ್ದೆ. ಮತ್ತೆ ಎಳೆದರು. ಅತ್ತೆಯವರ ರೇಷ್ಮೆ ಸೀರೆ ಹಿಂದುಗಡೆ ಪೂರ್ತಿ ನೆನೆದಿತ್ತು. "ರಾತ್ರಿ ಮಳೇದು ಅತ್ತೆ, ಆರುತ್ತೆ" ಎಂದೆ. ಆರಲಿಲ್ಲ, ಹರಿಯಿತು! ಗದ್ದೆಯಲ್ಲಿದ್ದ ಹಾಲೇಶಣ್ಣ ಓಡಿ ಬಂದು, ಏರಿಯ ಬುಡದಿಂದ ಬುಗುಬುಗು ಬರುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದ.

"ಕೆಂಪಗಿದೆ ನೋಡೋ! ಒಳಗಿನ ಮಣ್ಣು ಕೊಚ್ಕೊಂಡು ಬರ್ತಿದೆ. ಅಕ್ಕಾ, ಊಟ ಅಲ್ಲೇ ಬಿಡಿ, ಎಲ್ರೂ ಆ ದಿಬ್ಬ ಹತ್ತಿ! ನಾಗ, ಕೋಡಿ ಬಿಚ್ಚೋ!"

ಎಲ್ಲರೂ ದಿಬ್ಬಕ್ಕೆ ಓಡಿದರು. ನಾನು ಹಾರೆಕೋಲು ಹಿಡಿದು ಕೋಡಿಗೆ ಓಡಿದೆ. ಚೀಲಗಳು ಅಲುಗಲಿಲ್ಲ. ಜೀವನದಲ್ಲಿ ನಾನು ಗಟ್ಟಿಯಾಗಿ ಕಟ್ಟಿದ್ದು ಅದೊಂದೇ! ಬೈದುಕೊಂಡು ಗುದ್ದಿದೆ. ಹಾಲೇಶಣ್ಣ ನನ್ನನ್ನು ಬೈದುಕೊಂಡು ಗುದ್ದಿದ. ಕೊನೆಗೆ ಒಂದು ಚೀಲ ಸಡಿಲಾಯಿತು, ನಾವು ಪಕ್ಕಕ್ಕೆ ಹಾರುವುದರೊಳಗೆ ಉಳಿದವೆಲ್ಲ ಒಟ್ಟಿಗೆ ಹೋದವು. ನೀರು ಭರ್ರೆಂದು ನುಗ್ಗಿತು.

"ಉಳೀತು ಕಣೋ ನನ್ನ ಗದ್ದೆ" ಎಂದು ಹಾಲೇಶಣ್ಣ ಉಸಿರು ಬಿಟ್ಟ.

ಆಗ ಕೆರೆಯ ನಡುವಿನಿಂದ ಖುಷಿಯ ಕೂಗು ಬಂತು. "ಅಳಿಯಂದ್ರೆ! ಬೋಟ್ ತಾನೇ ಹೋಗ್ತಿದೆ! ಮೋಟರ್ ಹಾಕ್ಸಿದೀರಾ?"

ಈ ಮೂಲಕ ತಮ್ಮೆಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಸಕಲ ಸುರಕ್ಷತಾ ಕ್ರಮಗಳನ್ನು ಕೈಗೊಂಡಿದ್ದ ನಾನು, ಮಾವನವರು ಇನ್ನೂ ನೀರಿನ ಮೇಲಿದ್ದಾರೆ ಎಂಬುದನ್ನು ಮರೆತಿದ್ದೆ.

ಬೋಟು ನೆಟ್ಟಗೆ ಕೋಡಿಗೆ ಬಂತು. ದಢ್ ಎಂದು ಸಿಕ್ಕಿಕೊಂಡಿತು. ನಾನು ಕಟ್ಟಿದ ಬೋಟಿನ ಅಗಲವೂ ಎತ್ತಿನಗಾಡಿಯಷ್ಟೇ! ನೀರು ನಿಂತುಹೋಯಿತು. ಸಂದಿಯಲ್ಲಿ ಸ್ವಲ್ಪ ಸೋರುತ್ತಿತ್ತು, ಆ ಏಟಿಗೆ ಜಾರಿ ಸಂದಿಯಲ್ಲಿ ಕೂತ ಮಾವನ ಟ್ಯೂಬು ಅದನ್ನೂ ಮುಚ್ಚಿತು.

"ಅಯ್ಯೋ ಮತ್ತೆ ಮುಚ್ಚಿಬಿಟ್ರಲ್ಲ ಮಾರಾಯ್ರೆ!" ಹಾಲೇಶಣ್ಣ ತಲೆ ಚಚ್ಚಿಕೊಂಡ. "ಎದ್ದೇಳಿ! ನಿಮ್ಮಿಂದ ನನ್ನ ಗದ್ದೆ ಹೋಗುತ್ತೆ!"

"ನಾನೇನ್ರೀ ಮಾಡ್ಲಿ! ಈ ಟ್ಯೂಬು ಬಿಡ್ತಿಲ್ಲ!"

"ಟ್ರ್ಯಾಕ್ಟರ್ ತಂದು ಎಳೀತೀನಿ" ಎಂದೆ.

"ಒಡೆಯೋ ಏರಿ ಮೇಲೆ ಟ್ರ್ಯಾಕ್ಟರಾ? ನಿನ್ನ ತಲೇಲಿ ಏನಿದೆಯೋ?"

ದಿಬ್ಬದ ಮೇಲಿಂದ ಅತ್ತೆಯ ದನಿ ಬಂತು. "ಟ್ಯೂಬಿನ ಗಾಳಿ ಬಿಡ್ರೋ!"

ದಿನಾ ಟ್ಯೂಬಿನ ಜೊತೆ ಬದುಕುವ ನನಗೆ ಇದು ಹೊಳೆದಿರಲಿಲ್ಲ. ವಾಲ್ವ್ ಬಿಚ್ಚಿದೆ. ಮಾವ ಸುಯ್ ಎನ್ನುತ್ತಾ ಸಣ್ಣಗಾದರು. ಇಬ್ಬರೂ ರಟ್ಟೆ ಹಿಡಿದು ಅವರನ್ನು ದಡಕ್ಕೆ ಎಳೆದೆವು. ಬೋಟಿನ ಹಗ್ಗ ಕುಡುಗೋಲಿನಿಂದ ಕತ್ತರಿಸಿದಾಗ ಡ್ರಮ್ಮುಗಳು ಒಂದರ ಹಿಂದೆ ಒಂದು ಹಳ್ಳಕ್ಕೆ ಬಿದ್ದು, ಬಡಿದಾಡಿಕೊಂಡು, ಹೊಳೆಯ ಕಡೆ ಹೊರಟವು. ಹಲಗೆಗಳೂ ಹೋದವು. ಮಾವನ ಎಡಗಾಲಿನ ಚಪ್ಪಲಿಯೂ ಹೋಯಿತು.

ನೀರು ಇಳಿಯಿತು. ಏರಿಯ ಬುಡದ ಸೋರಿಕೆ ಮೊದಲು ತಿಳಿಯಾಯಿತು, ಆಮೇಲೆ ಸಣ್ಣಗಾಯಿತು. ಏರಿ ನಿಂತಿತು. ಹಾಲೇಶಣ್ಣನ ಗದ್ದೆಯ ಒಂದು ಮೂಲೆ ಮಾತ್ರ ಕೆಸರು ಕುಡಿದಿತ್ತು. ಅಲ್ಲಿಗೆ ಹೊಸ ಸಸಿ ನಾನೇ ನೆಡಬೇಕೆಂದು ಅಲ್ಲೇ ತೀರ್ಪಾಯಿತು.

ಅತ್ತೆ ಒದ್ದೆ ಸೀರೆಯಲ್ಲೇ ದಡಕ್ಕೆ ಬಂದು ಬಾಗಿನ ಬಿಟ್ಟರು. ಕೈ ಮುಗಿದು ಜೋರಾಗಿ, "ಗಂಗಮ್ಮ ತಾಯಿ, ಇಷ್ಟೇ ಇರು. ನಮ್ಮ ಅಳಿಯನ ಮಾತು ಕೇಳ್ಬೇಡ" ಎಂದು ಬೇಡಿಕೊಂಡರು. ರೂಪಾ ಎಲ್ಲರಿಗಿಂತ ಗಟ್ಟಿಯಾಗಿ "ಹೌದಮ್ಮ" ಎಂದಳು.

ಈಗ ಸೋರಿದ ಕಡೆ ಅಗೆದು ಜೇಡಿಮಣ್ಣು ತುಂಬಿ ಗಟ್ಟಿ ಮಾಡಿಸಿದ್ದೇನೆ. ಮಳೆ ಶುರುವಾದರೆ ಸಾಕು, ಹಾಲೇಶಣ್ಣ ಗದ್ದೆಯಿಂದಲೇ ಕೂಗುತ್ತಾನೆ. ನಾನು ಗುದ್ದಲಿ ಹಿಡಿದು ಹೋಗಿ ಕೋಡಿಗೆ ಸಿಕ್ಕ ಕಸಕಡ್ಡಿ ತೆಗೆಯುತ್ತೇನೆ. ಜನ ಬರುವುದೂ ಶುರುವಾಗಿದೆ. ಮಾವ ತಮ್ಮ ಅಂಗಡಿಯಲ್ಲಿ ಸೀರೆಗಿಂತ ಹೆಚ್ಚಾಗಿ ಈ ಕಥೆಯನ್ನೇ ಬಿಚ್ಚಿ ಹರಡುತ್ತಾರಂತೆ. ಅವರ ಕಥೆಯಲ್ಲಿ ಅವರು ಮೈಯೊಡ್ಡಿ ನೀರು ತಡೆದು ಊರು ಉಳಿಸಿದವರು! ಮೊನ್ನೆ ಶಿವಮೊಗ್ಗದ ರವೀಂದ್ರನಗರದ ಒಂದು ಸಂಸಾರ ಕಾರಿನಲ್ಲಿ ಬಂತು. ನಾನು ಕೋಡಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ.

"ಆ ಯಜಮಾನ್ರು ನೀರು ತಡೆದಿದ್ದು ಇಲ್ಲೇನಾ?" ಎಂದು ಆಯಮ್ಮ ಕೇಳಿದರು.

"ಹೌದು. ನಾನು ಅವರ ಅಳಿಯ" ಎಂದು ಎದೆ ಸೆಟೆಸಿದೆ.

"ಓ, ಸರಿ. ಸ್ವಲ್ಪ ಆ ಕಡೆ ಸರೀತೀರಾ? ಫೋಟೋಕ್ಕೆ ಅಡ್ಡ ಬರ್ತಿದೀರ."

ಸರಿದೆ.