ಕಬ್ಬಿನ ಹೊಲಕ್ಕೆ ಮೂರು ಸುತ್ತು

ಬನಹಟ್ಟಿಯಲ್ಲಿ ನನ್ನವು ನಾಲ್ಕು ಪವರ್‌ಲೂಮುಗಳಿವೆ. ಮೂವತ್ತು ವರ್ಷದಿಂದ ಲಾಳಿ ಅತ್ತಿಂದಿತ್ತ ನೇರವಾಗಿ ಓಡುವುದನ್ನೇ ನೋಡುತ್ತ ಕುಳಿತವನು ನಾನು. ಆದ್ದರಿಂದ ನೇರ ಓಟದಲ್ಲಿ ಯಾವ ಸ್ವಾರಸ್ಯವೂ ಇಲ್ಲ ಎಂದು ತೀರ್ಪು ಕೊಡುವ ಅಧಿಕಾರ ನನಗಿದೆ ಎಂದೇ ನಂಬಿದ್ದೆ.

ಮಗಳ ಮಾವ, ಅಂದರೆ ಮುಧೋಳದ ನಮ್ಮ ಬೀಗರು, ಈ ತೀರ್ಪನ್ನು ಒಪ್ಪಲಿಲ್ಲ. ನಾವಿಬ್ಬರೂ ಮೊಬೈಲಿನಲ್ಲಿ ಹೊರದೇಶದ ಕಾರು ಪಂದ್ಯ ನೋಡುವವರು. ಎರಡು ಕಾರು ಹೊಗೆಯೆಬ್ಬಿಸಿ ನೇರ ರಸ್ತೆಯಲ್ಲಿ ನುಗ್ಗುವ ಪಂದ್ಯ ಅವರಿಗಿಷ್ಟ. ಮೊಟ್ಟೆಯಾಕಾರದ ದಾರಿಯಲ್ಲಿ ಸುತ್ತುವ ಪಂದ್ಯ ನನಗೆ.

“ಗಾಣದ ಎತ್ತಿನಂಗ ಸುತ್ತೂದು ಏನ್ ನೋಡ್ತೀರಿ, ಬೀಗರ?” ಎಂದರು ಅವರು.

“ನಿಮ್ಮದು ಕಣ್ಣ ಪಿಳಕಿಸೂದ್ರಾಗ ಮುಗೀತೈತ್ರಿ. ಸುತ್ತಿನ ಓಟ ಆದ್ರ ಕುಂತಲ್ಲೇ ಪೂರಾ ಆಟ ಕಾಣತೈತಿ.”

ಇದು ಬರೀ ಬಾಯಿಮಾತಿನ ಜಗಳವಾಗಿದ್ದರೆ ಚಿಂತೆಯಿರಲಿಲ್ಲ. ಮೊಮ್ಮಗಳಿಗೆ ಮೂರು ತಿಂಗಳಾದರೂ ಹೆಸರಿಟ್ಟಿರಲಿಲ್ಲ. ಬೀಗರಿಗೆ ತಮ್ಮ ತಾಯಿಯ ಹೆಸರು ಗಂಗವ್ವ ಬೇಕು, ನನಗೆ ನಮ್ಮವ್ವನ ಹೆಸರು ನೀಲವ್ವ. ಅವ್ವ ಕೈಮಗ್ಗ ನೇಯ್ದು ನನ್ನನ್ನು ಸಾಕಿದವಳು. ಮನೆಯಲ್ಲಿ ಆ ಹೆಸರನ್ನು ಮತ್ತೆ ಕೂಗಬೇಕೆಂಬ ಆಸೆ ನನಗೆ ನಿಜಕ್ಕೂ ಇತ್ತು. ಕೊನೆಗೆ ಒಪ್ಪಂದವಾಯಿತು. ಬೀಗರ ತೋಟದಲ್ಲಿ ಎರಡೂ ಬಗೆಯ ಪಂದ್ಯ ನಡೆಸುವುದು. ಮನೆಯ ಹೆಂಗಸರಿಗೆ ಯಾವುದು ಹಿಡಿಸುತ್ತದೋ ಆ ಪಕ್ಷದ ಅಜ್ಜನೇ ಹೆಸರಿಡುವುದು. ಅವರ ವಾಹನ ಮೋಟರ್ ಸೈಕಲ್. ನನ್ನದು ಬಟ್ಟೆಗಂಟು ಹೊರುವ ಮೊಪೆಡ್.

ಮೊದಲು ನೇರ ಓಟ, ಬಾವಿಯಿಂದ ಮನೆಯ ಅಂಗಳದವರೆಗೆ. ಬೀಗರು ಬುರ್ ಎಂದು ಬಂದು ಮುಟ್ಟಿದರು. ನಾನೂ ಬಂದೆ. ಚುರಮುರಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿ, “ಹೂಂ, ಇನ್ನ ಸುರು ಮಾಡ್ರಿ” ಎಂದಳು.

ಬೀಗರ ಮುಖ ಸಣ್ಣದಾಯಿತು. ನಾನು ಅರ್ಧ ಗೆದ್ದಂತೆಯೇ ಆಗಿತ್ತು!

ಆಮೇಲೆ ನನ್ನ ಸುತ್ತಿನ ಓಟ. ತೋಟದಲ್ಲಿ ಸುತ್ತುವಂಥ ದಾರಿ ಇದ್ದದ್ದು ಒಂದೇ, ಎರಡೆಕರೆ ಕಬ್ಬಿನ ಸುತ್ತ. ಅದಕ್ಕೆ ಮೂರು ಸುತ್ತು ಹಾಕುವುದೆಂದು ಮಾತಾಯಿತು. ಕಬ್ಬು ಕಟಾವಿಗೆ ಬಂದು ನನ್ನ ಎರಡರಷ್ಟು ಎತ್ತರ ನಿಂತಿತ್ತು. ಕುಂತಲ್ಲೇ ಪೂರಾ ಆಟ ಕಾಣುತ್ತದೆ ಎಂದು ಸಾರಿದ ಮಹಾಶಯನಿಗೆ, ಕಬ್ಬಿನ ಹಿಂದೆ ಏನೂ ಕಾಣುವುದಿಲ್ಲ ಎಂಬ ಸಣ್ಣ ಸಂಗತಿ ಹೊಳೆಯಲಿಲ್ಲ.

ಬೀಗರು ಮುಂದೆ ಹೋದರು. ನಾನು ಕಬ್ಬಿನ ಹಿಂದಿನ ಮೊದಲ ತಿರುವಿಗೆ ಬಂದಾಗ ದಾರಿಯಲ್ಲೇ ನೀರು ನಿಂತಿತ್ತು. ಹಿಂದಿನ ದಿನ ಹೊಲಕ್ಕೆ ನೀರು ಹಾಯಿಸಿದ್ದರಂತೆ. ಮೊಪೆಡ್ ಒಂದು ಕಡೆ ಮಲಗಿತು, ನಾನು ದಾರಿ ಬದಿಯ ಕಾಲುವೆಯಲ್ಲಿ ಕುಳಿತೆ. ಎರಡನೆಯ ಸುತ್ತಿಗೆ ಬಂದ ಬೀಗರು ನನ್ನನ್ನು ಕಂಡು ಗಾಬರಿಯಿಂದ ಬ್ರೇಕ್ ಒತ್ತಿ, ಕೆಸರಿನಲ್ಲಿ ಜಾರಿ ನನ್ನ ಪಕ್ಕದಲ್ಲೇ ಬಂದು ಕುಳಿತರು.

“ಪೆಟ್ಟ ಆತೇನ್ರಿ?” ಎಂದು ಕೇಳಿದರು.

“ಇಲ್ರಿ. ನಿಮಗ?”

ಒಬ್ಬರ ಗಾಡಿಯನ್ನು ಇನ್ನೊಬ್ಬರು ಎಳೆದು, ನೂಕಿ, ಮೈತುಂಬ ಕೆಸರು ಮೆತ್ತಿಕೊಂಡು ಎದ್ದೆವು. ಪಂದ್ಯ ನಿಲ್ಲಬಾರದೆಂದು ಮತ್ತೆ ಹೊರಟೆವು. ಸುತ್ತಲೂ ಬರೀ ಕಬ್ಬು. ನನಗೆ ದಿಕ್ಕು ತಪ್ಪಿತು. ಬಂದ ದಾರಿಯಲ್ಲೇ ತಿರುಗಿ ಹೋಗಿ, ಅಂಗಳದ ಮುಂದೆ, ಸುತ್ತು ಹಾಕಿ ಬಂದ ಬೀಗರಿಗೆ ಎದುರುಬದುರಾಗಿ ನಿಂತೆ.

“ಓಟ ಹ್ಯಾಂಗಿತ್ತು?” ಎಂದು ಹೆಂಡತಿಯನ್ನು ಕೇಳಿದೆ.

“ಮೊದಲನೇದಕ್ಕಿಂತ ಛಲೋ ಇತ್ತ್ರಿ. ಅರ್ಧಾ ತಾಸು ಇಬ್ಬರೂ ಕಾಣಲಿಲ್ಲ. ನಾವು ಆರಾಮ ಚಾ ಕುಡದ್ವಿ.”

ಗೆದ್ದೆ! ಕೆಸರಿನ ಕೈಯನ್ನೇ ಮೇಲೆತ್ತಿ, “ಹಂಗಾರ ಕೂಸಿನ ಹೆಸರು ನೀಲವ್ವ” ಎಂದು ಘೋಷಿಸಿದೆ.

ಮಗಳು ತಲೆ ತಗ್ಗಿಸಿ ನಕ್ಕಳು. “ಅಪ್ಪಾ, ಹೆಸರು ಆಗಲೇ ಇಟ್ಟಿವಿ, ಸಾನ್ವಿ ಅಂತ. ನಿಮ್ಮಿಬ್ಬರನ್ನೂ ಒಂದ್ ಮಾತ್ ಕೇಳೂನಂತ ಹಾದಿ ನೋಡಿದ್ವಿ. ನೀವು ಕಬ್ಬಿನ ಹಿಂದಿಂದ ಬರಲೇ ಇಲ್ಲ.”

ಕೂಸನ್ನಾದರೂ ಎತ್ತಿಕೊಳ್ಳೋಣವೆಂದು ಹೋದರೆ, ಹೆಂಡತಿ ಕೆಸರು ನೋಡಿ ಹತ್ತಿರ ಬಿಡಲಿಲ್ಲ. ದೂರದಿಂದಲೇ “ನೀಲವ್ವಾ” ಎಂದೆ. ಕೂಸು ಅಳತೊಡಗಿತು. ಬೀಗರು “ಗಂಗವ್ವಾ” ಎಂದರು. ಇನ್ನೂ ಜೋರಾಗಿ ಅತ್ತಿತು. ಮಗಳು “ಸಾನ್ವಿ” ಎಂದ ಕೂಡಲೇ ಸುಮ್ಮನಾಯಿತು.