ಕೆಂಚಯ್ಯ ಕೈ ಎತ್ತಲಿಲ್ಲ

ಕೈ ಎತ್ತಿದರೆ ಮನುಷ್ಯನಿಗೆ ಏನೇನು ಹೋಗುತ್ತದೆ ಎಂದು ತಿಳಿಯಬೇಕಾದವರು ಹರದನಹಳ್ಳಿಯ ಕೆಂಚಯ್ಯನನ್ನು ಕೇಳಬೇಕು. ಮೊದಲ ಸಲ ಎತ್ತಿದಾಗ ಕರಿದಿಬ್ಬದ ಹುರುಳಿ ಹೊಲ ಹೋಯಿತು. ಎರಡನೆಯ ಸಲ ಬದುವಿನ ಮೇಲಿನ ಹುಣಸೆಮರ ಹೋಯಿತು, ಲಾರಿಗೆ ದಾರಿ ಬೇಕಂತೆ. ಮೂರನೆಯ ಸಲ ಮನೆ ಹಿಂದಿನ ಕಣ ಹೋಗಿ ಅಲ್ಲಿ ಕಂಪನಿಯ ತಗಡಿನ ಷೆಡ್ಡು ಬಂದು ಕೂತಿತು. ಇಷ್ಟಾದರೂ ಕೆಂಚಯ್ಯ ಕಂಪನಿಯ ಡೈರೆಕ್ಟರು. ನಗಬೇಡಿ, ನಿಜವಾಗಿಯೂ ಡೈರೆಕ್ಟರು.

ಆದದ್ದು ಇಷ್ಟೆ. ಚನ್ನರಾಯಪಟ್ಟಣದ ಜವಳಿ ವ್ಯಾಪಾರಿ ನೇಮಿಚಂದ್ರಯ್ಯನವರು ಯಾವುದೋ ಸಾಲ ವಸೂಲಿಗೆ ಈ ಕಡೆ ಬಂದವರು ಕರಿದಿಬ್ಬದ ಕಪ್ಪು ಕಲ್ಲು ಕಂಡರು. ಹಾಸನದ ವಕೀಲರಿಗೆ ತೋರಿಸಿದರು. ಇದು ಪರದೇಶಕ್ಕೆ ಹೋಗುವ ಅದಿರು ಎಂದು ವಕೀಲರು ಕಲ್ಲನ್ನು ಕನ್ನಡಕದ ಹತ್ತಿರ ಹಿಡಿದು ಹೇಳಿದರು. ಅವರು ಓದಿದ್ದು ಕಾನೂನು, ಕಲ್ಲಲ್ಲ, ಆದರೆ ಅದನ್ನು ಯಾರೂ ಕೇಳಲಿಲ್ಲ. ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರ ಚಿಕ್ಕಯ್ಯ ದುಡ್ಡು ಹಾಕಿದ. ದುಡ್ಡಿಲ್ಲದ ಕೆಂಚಯ್ಯ ಹೊಲ ಹಾಕಿದ. ಹೀಗೆ ‘ಕರಿದಿಬ್ಬ ಖನಿಜಾಭಿವೃದ್ಧಿ ಕಂಪನಿ’ಗೆ ನಾಲ್ವರು ಯಜಮಾನರಾದರು.

ಜಮೀನಿನ ವಿಷಯವಾದರೆ ನಾಲ್ಕು ಕೈಯೂ ಏಳಲೇಬೇಕು, ಒಂದು ಕೈ ಕೆಳಗಿದ್ದರೂ ಠರಾವು ಬಿದ್ದುಹೋಗುತ್ತದೆ ಎಂದು ವಕೀಲರೇ ನಿಯಮ ಬರೆದಿದ್ದರು. ನಿನ್ನ ಕೈ ಇಲ್ಲದೆ ಒಂದು ಹಿಡಿ ಮಣ್ಣೂ ಅಲ್ಲಾಡುವುದಿಲ್ಲ ಎಂದು ಕೆಂಚಯ್ಯನ ಬೆನ್ನು ತಟ್ಟಿದ್ದರು. ಮಾತು ಸುಳ್ಳಲ್ಲ. ಆದರೆ ಅವರು ಠರಾವು ಓದುತ್ತಿದ್ದುದು ಇಂಗ್ಲಿಷಿನಲ್ಲಿ. ಓದಿ ಮುಗಿಸಿ ‘ಕೈ’ ಎನ್ನುವರು. ಮೂರು ಕೈ ಏಳುವುವು. ಅಷ್ಟರಲ್ಲಿ ಹೋಟೆಲಿನ ಉಪ್ಪಿಟ್ಟು ಕಾಫಿ ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಘಮಕ್ಕೆ ಕೆಂಚಯ್ಯನ ಕೈ ತಾನಾಗಿ ಏಳುತ್ತಿತ್ತು.

ಭಾದ್ರಪದದ ಒಂದು ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರು ವಕೀಲರ ಸುದ್ದಿ ತಂದ. ಇವತ್ತೇ ಮೀಟಿಂಗು, ತಪ್ಪಿಸಬಾರದು, ಜಮೀನಿನ ವಿಷಯ.

ಕೆಂಚಯ್ಯನ ಹೆಂಡತಿ ಹೊನ್ನಕ್ಕ ಮುದ್ದೆ ತೊಳಸುತ್ತಿದ್ದವಳು ಕೋಲು ಹಿಡಿದೇ ಹೊರಗೆ ಬಂದಳು. ಅವಳಿಗೆ ಬೇರೆ ಆಸೆ ಇರಲಿಲ್ಲ. ಕರಿದಿಬ್ಬ ತಿರುಗಿ ಬರಬೇಕು, ಅದರಲ್ಲಿ ಹುರುಳಿ ಚೆಲ್ಲಬೇಕು, ಅಷ್ಟೆ. ಎರಡು ವರ್ಷದಿಂದ ಬೀಜದ ಹುರುಳಿಯನ್ನು ಬೂದಿ ಬೆರೆಸಿ ಕಟ್ಟಿಟ್ಟಿದ್ದಳು.

“ಇನ್ನೇನ್ ಉಳಿದೈತೆ ನಮ್ಗೆ? ಮಲಗೋ ಮನೆ ಒಂದೇಯ. ಅದ್ಕೂ ಕೈ ಎತ್ತಿ ಬಂದ್ಬುಟ್ಟೆ ಅಂದ್ರೆ, ಈ ವಸ್ಲು ನೀನು ದಾಟ್ಬ್ಯಾಡ,” ಎಂದಳು.

“ಇವತ್ತು ಎತ್ತಕಿಲ್ಲ ಕಣೆ. ಬ್ರಹ್ಮ ಬಂದು ಏಳಿದ್ರೂ ಎತ್ತಕಿಲ್ಲ,” ಎಂದ ಕೆಂಚಯ್ಯ. ಹೇಳುವಾಗ ಅವನಿಗೇ ಮೈ ಜುಂ ಎಂದಿತು. ಜನ್ಮದಲ್ಲಿ ಯಾರಿಗೂ ಇಲ್ಲ ಎಂದವನಲ್ಲ.

ಪಕ್ಕದ ಮನೆಯ ಹುಚ್ಚಯ್ಯ ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡು ಒಳಗೇ ಬಂದ. ಕೇಳದೆ ಬುದ್ಧಿ ಹೇಳುವುದರಲ್ಲಿ ಆ ಸುತ್ತಿಗೆ ಅವನನ್ನು ಮೀರಿದವರಿಲ್ಲ. ಉಪ್ಪಿಟ್ಟು ಕಂಡರೆ ನಿನ್ನ ಕೈಯನ್ನು ನಂಬುವ ಹಾಗಿಲ್ಲ, ಆದ್ದರಿಂದ ಕೈ ಮುರಿದಿದೆ ಎಂದು ಕಟ್ಟಿಕೊಂಡು ಹೋಗು ಎಂದ. ಹೊನ್ನಕ್ಕನಿಗೂ ಅದು ಸರಿ ಕಂಡಿತು. ಹಳೆಯ ಸೀರೆಯ ತುಂಡೊಂದರಲ್ಲಿ ಗಂಡನ ಬಲಗೈಯನ್ನು ಕುತ್ತಿಗೆಗೆ ನೇತುಹಾಕಿ ಕಳಿಸಿದಳು.

ಊರಿನ ಬಾಗಿಲು ದಾಟುವಷ್ಟರಲ್ಲಿ ಜನರ ಬಾಯಲ್ಲಿ ಅವನ ಕೈ ಎತ್ತಿನ ಗಾಡಿಯಿಂದ ಬಿದ್ದು ಮುರಿದಿತ್ತು. ಹೊಳೆನರಸೀಪುರದ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ತೆಂಗಿನಮರದಿಂದ. ಕೆಂಚಯ್ಯ ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವ ಶಕ್ತಿಯನ್ನೆಲ್ಲ ಅವನು ಮೀಟಿಂಗಿಗೆ ಉಳಿಸಿಕೊಂಡಿದ್ದ.

ಹಾಸನದ ಬಸ್ಸಿನಲ್ಲಿ ಅವನ ಗ್ರಹಚಾರಕ್ಕೆ ಎದುರಿಗೇ ಬೆಟ್ಟಮ್ಮ ಕೂತಿದ್ದಳು. ಮೂಳೆ ಕೂಡಿಸುವುದರಲ್ಲಿ ಹೆಸರಾದ ಹೆಂಗಸು, ಮುಟ್ಟಿದರೆ ಎಮ್ಮೆಯ ಕಾಲೂ ನೆಟ್ಟಗಾಗುತ್ತದೆ ಎಂದು ಜನ ಹೇಳುತ್ತಿದ್ದರು. ಅವಳು ಕೇಳದೆಯೇ ಕಟ್ಟು ಬಿಚ್ಚಿ ಮೊಣಕೈ ಹಿಸುಕಿದಳು.

“ಮೂಳೆ ಜರುಗಿ ಕೂತೈತಲ್ಲಪ್ಪ. ಯಾರ್ ಕಟ್ಟಿದ್ದು ಇದ್ನ?”

“ನೋವಿಲ್ಲ ಕಣವ್ವ, ಬುಟ್ಬುಡು,” ಎಂದ ಕೆಂಚಯ್ಯ.

ನೋವಿಲ್ಲ ಎಂದದ್ದೇ ತಪ್ಪಾಯಿತು. ನೋವೂ ತಿಳಿಯದಷ್ಟು ಕೆಟ್ಟಿದೆ ಎಂದು ಬಸ್ಸಿಗೆ ಬಸ್ಸೇ ಲೊಚಗುಟ್ಟಿತು. ಇಬ್ಬರು ಭುಜ ಹಿಡಿದರು, ಒಬ್ಬ ಕಾಲಮೇಲೆ ಕೂತ, ಡ್ರೈವರು ಪುಣ್ಯಾತ್ಮ ಬಸ್ಸು ನಿಲ್ಲಿಸಿದ. ಬೆಟ್ಟಮ್ಮ ದೇವರ ಹೆಸರು ಹೇಳಿ ಒಂದು ಎಳೆತ ಎಳೆದಳು. ಚೆನ್ನಾಗಿದ್ದ ಕೈ ಅಲ್ಲಿಗೆ ಕೆಟ್ಟಿತು. ಕೆಂಚಯ್ಯನ ಕೂಗಿಗೆ ಬಸ್ಸಿನ ಮೇಲಿದ್ದ ಕೋಳಿ ಬುಟ್ಟಿಯೆಲ್ಲ ಎದ್ದಿತು. ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿದ ಬೆಟ್ಟಮ್ಮ, ನೋವು ಬಂತಲ್ಲ, ಇನ್ನು ವಾಸಿಯಾಗುತ್ತದೆ ಎಂದು ಎಲೆ ಅಡಿಕೆ ಹಾಕಿಕೊಂಡಳು.

ವಕೀಲರ ಮಹಡಿ ಹತ್ತುವಾಗ ಕೆಂಚಯ್ಯನ ಕಣ್ಣಲ್ಲಿ ನೀರಿತ್ತು, ಹೊಟ್ಟೆಯಲ್ಲಿ ಬೆಂಕಿಯಿತ್ತು. ಹಾಳಾದವರ ಒಂದು ಕಂಪನಿಗೋಸ್ಕರ ಹೊಲ ಹೋಯಿತು, ಮರ ಹೋಯಿತು, ಈಗ ಕೈಯೂ ಹೋಯಿತು. ಬರಲಿ ನೋಡೋಣ ಎಂದುಕೊಂಡ.

ಒಳಗೆ ಎಲ್ಲವೂ ಅನುಮಾನ ಹುಟ್ಟಿಸುವಂತಿತ್ತು. ನೇಮಿಚಂದ್ರಯ್ಯನವರು ಎದ್ದು ಬಂದು ಕೈ ನೋಡಿ ಮರುಗಿದರು, ತಮ್ಮ ದಿಂಬಿನ ಕುರ್ಚಿಯನ್ನೇ ಬಿಟ್ಟುಕೊಟ್ಟರು. ವಕೀಲರು ಬನ್ನಿ ಎಂದು ಬಹುವಚನದಲ್ಲಿ ಕರೆದರು. ಚಿಕ್ಕಯ್ಯ ಕಣ್ಣೆತ್ತಿ ನೋಡಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಉಪ್ಪಿಟ್ಟಿನ ಸುಳಿವಿಲ್ಲ. ಇವರು ಮನೆಗೇ ಕೈಹಾಕುವವರು, ಅದಕ್ಕೇ ಈ ಮರ್ಯಾದೆ, ಅದಕ್ಕೇ ಈ ಉಪವಾಸ ಎಂದು ಕೆಂಚಯ್ಯ ಲೆಕ್ಕ ಹಾಕಿದ.

ವಕೀಲರು ಇಂಗ್ಲಿಷಿನಲ್ಲಿ ಉದ್ದಕ್ಕೆ ಓದಿ ‘ಕೈ’ ಎಂದರು. ಮೂರು ಕೈ ಎದ್ದವು. ನಾಲ್ಕನೆಯದು ದಬ್ಬೆಯೊಳಗೆ ಮಲಗಿತ್ತು.

“ಪಾಪ, ನಿನಗೆ ಎತ್ತೋಕೆ ಆಗಲ್ಲ. ಪರವಾಗಿಲ್ಲ ಕೆಂಚಯ್ಯ, ಎತ್ತಿದೀಯ ಅಂತಲೇ ಬರ್ಕೋತೀನಿ,” ಎಂದರು ವಕೀಲರು.

ಹುಚ್ಚಯ್ಯನ ಉಪಾಯ ಅಲ್ಲಿಗೆ ಮಣ್ಣುಪಾಲಾಯಿತು. ಇನ್ನು ಬಾಯಿ ಬಿಡದೆ ಗತಿಯಿರಲಿಲ್ಲ. ಕೆಂಚಯ್ಯ ದಿಂಬಿನ ಕುರ್ಚಿಯಿಂದ ಎದ್ದುನಿಂತ.

“ಬರೀಬ್ಯಾಡಿ ಸಾ. ನಾನು ಒಪ್ಪಕಿಲ್ಲ.”

ವಕೀಲರು ಕನ್ನಡಕ ತೆಗೆದರು. “ಕೇಳಯ್ಯ ಇಲ್ಲಿ, ಇದು ನಿನ್ನ ಒಳ್ಳೇದಕ್ಕೇ...”

“ಪ್ರತಿ ಸಲಾನೂವೆ ಅಂಗೇ ಅಂದ್ರಿ. ನನ್ನ ಒಳ್ಳೇದಕ್ಕೆ ನನ್ ಮರ ಕಡದ್ರಿ, ನನ್ನ ಒಳ್ಳೇದಕ್ಕೆ ನನ್ ಕಣಕ್ಕೆ ತಗಡು ವದ್ಸುದ್ರಿ. ಸಾಕು ಸಾ ನನ್ನ ಒಳ್ಳೇದು. ನೀವು ಮೂರೂ ಜನ ಒಂದಾಗಿ ಏಳುದ್ರೂ ಒಪ್ಪಕಿಲ್ಲ. ಮೇಲಿಂದ ದ್ಯಾವ್ರು ಬಂದು ಕಾಗ್ದ ಓದುದ್ರೂ ಒಪ್ಪಕಿಲ್ಲ.”

ನೇಮಿಚಂದ್ರಯ್ಯನವರು ಏನೋ ಹೇಳಹೋದರು. ಕೆಂಚಯ್ಯ ಅವರಿಗೂ ಬಿಡಲಿಲ್ಲ. ನಲವತ್ತು ವರ್ಷದ ‘ಇಲ್ಲ’ಗಳೆಲ್ಲ ಒಟ್ಟಿಗೆ ಹೊರಬಂದವು. ಬರೆದುಕೊಳ್ಳಿ, ಕೆಂಚಯ್ಯ ಒಪ್ಪಲಿಲ್ಲ ಅಂತ ಬರೆದುಕೊಳ್ಳಿ, ಬರೆಯುವ ತನಕ ಈ ಮಹಡಿ ಇಳಿಯುವುದಿಲ್ಲ ಎಂದು ಎಡಗೈಯಲ್ಲಿ ಮೇಜು ಗುದ್ದಿದ. ವಕೀಲರು ನಿಟ್ಟುಸಿರು ಬಿಟ್ಟು ಬರೆದರು. ಠರಾವು ಬಿತ್ತು.

ಆಮೇಲೆ ನೇಮಿಚಂದ್ರಯ್ಯನವರ ಮುಖ ನಿಧಾನವಾಗಿ ಅರಳಿತು. ಅವರ ಹೆಂಡತಿ ಪದ್ಮಾವತಮ್ಮ ನೆಲ ಅಗೆದು ತೆಗೆದದ್ದೆಂದು ಆಲೂಗೆಡ್ಡೆಯನ್ನೂ ಮನೆಯೊಳಗೆ ಬಿಡದ ವ್ರತಸ್ಥೆ. ಗಂಡ ಗುಡ್ಡವನ್ನೇ ಅಗೆಯಲು ನಿಂತ ದಿನದಿಂದ ನೇಮಿಚಂದ್ರಯ್ಯನವರ ಊಟಕ್ಕೆ ನೆಮ್ಮದಿ ಇರಲಿಲ್ಲ. ಇಂಥ ಧೈರ್ಯವಂತ ಇರುವಾಗ ಈ ಕುರ್ಚಿ ನನಗೇಕೆ, ಮ್ಯಾನೇಜಿಂಗ್ ಡೈರೆಕ್ಟರು ಇನ್ನು ಕೆಂಚಯ್ಯನೇ ಎಂದರು. ಇದಕ್ಕೆ ನಾಲ್ಕು ಕೈ ಬೇಕಿರಲಿಲ್ಲ. ಮೂರು ಕೈ ಹಬ್ಬದ ಸಂಭ್ರಮದಲ್ಲಿ ಎದ್ದವು. ಚಿಕ್ಕಯ್ಯ ಗೋಡೆಯ ಲಕ್ಷ್ಮಿ ಪಟದಿಂದ ಹಾರ ತೆಗೆದು ಕೆಂಚಯ್ಯನ ಕೊರಳಿಗೆ ಹಾಕಿದ.

ಕೆಂಚಯ್ಯನಿಗೆ ಈಗ ಸ್ವಲ್ಪ ಅಳುಕಾಯಿತು. ಚಿಕ್ಕಯ್ಯನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದ.

“ಸಾವ್ಕಾರ್ರೇ, ನಾನು ಈಗ ಬ್ಯಾಡ ಅಂದಿದ್ದು ಏನ್ನ?”

“ಅದೇ ಕಣಯ್ಯ. ಅದು ಬರೀ ಕಲ್ಲಂತೆ, ಬೆಂಗ್ಳೂರಿಂದ ಗೊತ್ತಾಯ್ತು. ಕಂಪ್ನಿ ಮುಚ್ಚಿ ನಿನ್ನ ಹೊಲ, ಕಣ ಎಲ್ಲ ನಿಂಗೇ ವಾಪಸ್ ಕೊಟ್ಬುಡವಾ ಅಂತ.”

ಕೆಂಚಯ್ಯ ಎಡಗೈ ಎತ್ತಿದ. ದಬ್ಬೆ ಕಟ್ಟಿದ ಬಲಗೈಯನ್ನೂ ನೋವು ನುಂಗಿ ಎತ್ತಿದ. ಎರಡೂ ಕೈ ಎತ್ತಿಕೊಂಡೇ ವಕೀಲರ ಮುಂದೆ ಹೋಗಿ ನಿಂತ. ವಕೀಲರು ಕಾಗದ ಮಡಿಸುತ್ತ, ಬಿದ್ದ ಠರಾವನ್ನು ಇನ್ನೊಂದು ವರ್ಷ ತರುವಂತಿಲ್ಲ, ಅಲ್ಲಿಯವರೆಗೆ ಕರಿದಿಬ್ಬ ಕಂಪನಿಯದೇ, ಅದರ ಒಂದು ಕಲ್ಲು ಕದಲದಂತೆ ನೋಡಿಕೊಳ್ಳುವುದು ಮ್ಯಾನೇಜಿಂಗ್ ಡೈರೆಕ್ಟರ ಹೊಣೆ ಎಂದರು. ಈ ಸಲ ಕನ್ನಡದಲ್ಲೇ ಹೇಳಿದರು.

ಅವನು ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹಾರ ತೆಗೆಯಬೇಕೆಂಬ ನೆನಪೂ ಅವನಿಗಿರಲಿಲ್ಲ. ಕರಿದಿಬ್ಬದಲ್ಲಿ ಹೆಂಗಸರ ಗುಂಪು ಕಂಡು ಅತ್ತ ನಡೆದ. ಹೊನ್ನಕ್ಕ ಗಂಡನ ಮಾತನ್ನು ಅವತ್ತು ಪೂರಾ ನಂಬಿದ್ದಳು. ಅವನು ಅಲ್ಲಿ ಎದುರು ನಿಂತರೆ ನಾನಿಲ್ಲಿ ಸುಮ್ಮನೆ ಕೂರುವೆನೇ ಎಂದು ಕಂಪನಿಯ ಬೋರ್ಡು ಕಿತ್ತು, ಅವರು ಕಲ್ಲು ತೆಗೆದ ಗುಂಡಿಗೆ ಎಸೆದಿದ್ದಳು. ಗುಂಡಿಯ ಸುತ್ತ ಉಳಿದ ನೆಲವನ್ನೆಲ್ಲ ಕೆರೆದು ಹುರುಳಿ ಚೆಲ್ಲಿಯಾಗಿತ್ತು. ಕಂಪನಿಯ ಕಾವಲುಗಾರ ಸಣ್ಣಯ್ಯ ದೂರದಲ್ಲಿ ನಿಂತು, ಇದು ಪೋಲೀಸರ ಕೆಲಸವಾಗುತ್ತದೆ ಎಂದು ಗೊಣಗುತ್ತಿದ್ದ.

ಹೊನ್ನಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಸಣ್ಣಯ್ಯನತ್ತ ತಿರುಗಿದಳು. “ಓಗ್ಲಾ, ನಿಮ್ ಕಂಪ್ನಿ ಯಜಮಾನ್ನ ಕರ್ಕಂಡ್ ಬಾ ಓಗು. ಅವ್ನು ಗಂಡ್ಸಾಗಿದ್ರೆ ನನ್ ಎದ್ರಿಗೆ ಬಂದು ನಿಂತ್ಕಳ್ಳಿ.”

ಬದುವಿನ ಮೇಲೆ ಹಾರ ಹಾಕಿಕೊಂಡು ನಿಂತಿದ್ದ ಕೆಂಚಯ್ಯ ಗಂಟಲು ಸರಿಮಾಡಿಕೊಂಡ.

“ಬಂದವ್ನೆ ಕಣೆ,” ಎಂದ.