ಬೆನ್ನಿಗೆ ಕಟ್ಟಿದ ದೋಸೆ ಕಾವಲಿ

ದೋಸೆಯ ಕಾವಲಿಯನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರೆ, ಅವರು ನಮ್ಮ ಮಾಮಾ! ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಸಾಕ್ಷಿಗೆ ಕಾವಲಿಯೂ ಇದೆ. ಆದರೆ ಅದರ ಮೇಲೆ ಈಗ ಉಪ್ಪಿನಕಾಯಿ ಜಾಡಿ ಕೂತಿರುವುದರಿಂದ ಹೊರಗೆ ತರಲು ಅವರ ಹೆಂಡತಿ, ನಮ್ಮ ಅತ್ತಿಯ ಅಪ್ಪಣೆ ಬೇಕು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಧಾರವಾಡದ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ಮುಂಬಯಿಗೆ ಬಂದು, ಕುರ್ಲಾದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಹಾಕಿ, ಉಡುಪಿ ಹೋಟೆಲುಗಳಿಗೆ ಇಡ್ಲಿ ಸ್ಟ್ಯಾಂಡು, ಸ್ಟೀಲ್ ಮೇಜು, ದೋಸೆ ಕಾವಲಿ ಮಾಡಿಕೊಡುತ್ತಾ ಬಂದವರು. ಫೋರ್ಟಿನಲ್ಲಿ ನನ್ನ ಆಫೀಸಿನ ಹತ್ತಿರದ ಯಾವ ಹೋಟೆಲಿಗೆ ಕರೆದುಕೊಂಡು ಹೋದರೂ ಅವರು ಮೊದಲು ನೋಡುವುದು ತಿಂಡಿಯನ್ನಲ್ಲ, ಬಗ್ಗಿ ಮೇಜಿನ ಅಡಿಯ ವೆಲ್ಡಿಂಗನ್ನು. ವೆಲ್ಡಿಂಗ್ ಚೆನ್ನಾಗಿದ್ದರೆ ಅದು ಅವರದೇ ಕೆಲಸ. ಚೆನ್ನಾಗಿಲ್ಲದಿದ್ದರೆ ನಾವು ಏನೂ ತಿನ್ನದೆ ಎದ್ದು ಬರುತ್ತೇವೆ. ಹೀಗೆ ನಾನು ಹಸಿದು ಆಫೀಸಿಗೆ ಮರಳಿದ ದಿನಗಳು ಕಡಿಮೆಯೇನಲ್ಲ.

ಅವರ ಇನ್ನೊಂದು ವಿಶೇಷ ನಡಿಗೆ. ಅದನ್ನು ನಡಿಗೆ ಎನ್ನಬೇಕೋ ಬೇರೆ ಏನಾದರೂ ಎನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕುರ್ಲಾ ಸ್ಟೇಷನ್ನಿನಲ್ಲಿ ಲೋಕಲ್ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಮಾಮಾ ಆಗಲೇ ಬ್ರಿಜ್ಜಿನ ಮೇಲಿರುತ್ತಾರೆ. ಅವರ ಹಿಂದೆ, ತುಂಬಾ ಹಿಂದೆ, ಅತ್ತಿ ಬರುತ್ತಿರುತ್ತಾರೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಎಡಗಾಲು ಸಣಕಲಾಗಿದೆ. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಬೇಕು. "ನೀವು ನಡೀರಿ, ನಾ ಬರ್ತೀನಿ" ಎನ್ನುವುದು ಅವರು ಮದುವೆಯಾದ ಮೂವತ್ತು ವರ್ಷಗಳಲ್ಲಿ ಅತಿ ಹೆಚ್ಚು ಸಲ ಹೇಳಿರುವ ಮಾತು. ಮಾಮಾ ಅದನ್ನು ಶಿರಸಾವಹಿಸಿ ಪಾಲಿಸುತ್ತಾ ಬಂದಿದ್ದಾರೆ. ತಿರುಗಿ ಕೂಡ ನೋಡುವುದಿಲ್ಲವಲ್ಲ ಎಂದು ಒಮ್ಮೆ ಕೇಳಿದರೆ, ಬ್ರಿಜ್ಜಿನ ಮೇಲೆ ತಿರುಗಿದರೆ ಎದುರಿಗೆ ಬರುವವರು ಡಿಕ್ಕಿ ಹೊಡೆಯುತ್ತಾರೆ ಎಂದರು. ಈ ಉತ್ತರಕ್ಕೆ ಏನು ಹೇಳುತ್ತೀರಿ?

ಇಂಥವರು ಸಮುದ್ರದ ತಳಕ್ಕೆ ಹೋಗುವ ವಿದ್ಯೆಗೆ ಬಿದ್ದದ್ದು ಕೊಂಕಣ ಕರಾವಳಿಯ ಮಾಲವಣದಲ್ಲಿ. ಅಲ್ಲಿ ಹೋಟೆಲ್ ತೆರೆದ ಗಿರಾಕಿಯೊಬ್ಬರು ಪೂಜೆಗೆ ಕರೆದಿದ್ದರು. ಊಟವಾದ ಮರುದಿನ ಎಲ್ಲರನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ನೀರಿನೊಳಗಿನ ಮೀನು ತೋರಿಸುವ ಏರ್ಪಾಟು ಮಾಡಿದ್ದರು. ಎಲ್ಲರೂ ಹಿಂಜರಿಯುತ್ತಿರುವಾಗ ಅತ್ತಿ ಸುಮ್ಮನೆ ಎದ್ದು, ನಾ ಇಳೀತೀನಿ ಅಂದರು! ಮಾಮಾನಿಗೇ ಗಾಬರಿ.

ಆದರೆ ಬಾಡಿಗೆಯ ಜಾಕೆಟ್ ಅವರ ಮೈಗೆ ಕೂರಲಿಲ್ಲ. ಆ ಜಾಕೆಟ್ಟಿಗೇ ಸಿಲಿಂಡರ್ ಕಟ್ಟಿರುತ್ತಾರೆ, ಅದಕ್ಕೇ ಗಾಳಿ ತುಂಬುತ್ತಾರೆ. ಅದು ಗಲ್ಲದವರೆಗೆ ಏರಿತು. ಸಣಕಲು ಕಾಲಿನ ಬದಿ ಹಗುರವಾಗಿ ಮೇಲೆದ್ದು, ಅತ್ತಿ ನೀರಿನಲ್ಲಿ ಒಂದು ಮಗ್ಗುಲಿಗೆ ಹೊರಳಿದರು. ಎರಡೇ ನಿಮಿಷದಲ್ಲಿ ಗೈಡ್ ಅವರನ್ನು ಮೇಲೆ ತಂದ. ದೋಣಿಯಲ್ಲಿದ್ದ ನೆಂಟರು, ಹೋಟೆಲಿನವರು, ನಾನು, ಎಲ್ಲರೂ ನೋಡುತ್ತಾ ಕೂತಿದ್ದೆವು. ಅತ್ತಿ ಟವೆಲ್ ಹೊದ್ದುಕೊಂಡು ಚಹಾ ಕುಡಿದರು. ಆಮೇಲೆ ಮಾಮಾನಿಗೆ ಮಾತ್ರ ಕೇಳುವಂತೆ, ಆದರೆ ಪಕ್ಕದಲ್ಲಿದ್ದ ನನಗೂ ಕೇಳಿತು, ಹೀಗೆಂದರು:

"ಎರಡು ನಿಮಿಷ ಕಾಲಿನ ನೆನಪ ಆಗಲಿಲ್ಲ ನೋಡ್ರಿ."

ಮಾಮಾ ಎದ್ದು ಹೋಗಿ ಗೈಡನ್ನು ಹಿಡಿದರು. ಆತ ಒಳ್ಳೆಯವನು. ತಪ್ಪು ಅವರದಲ್ಲ, ಜಾಕೆಟ್ಟಿನದು; ಬ್ಯಾಕ್‌ಪ್ಲೇಟ್ ಮತ್ತು ವಿಂಗ್ ಅಂತ ಬೇರೆ ಥರದ್ದು ಬರುತ್ತದೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದ. ಬೆನ್ನಿಗೆ ಒಂದು ಲೋಹದ ಹಲಗೆ, ಅದಕ್ಕೆ ನಮ್ಮ ಮೈಗೆ ತಕ್ಕಂತೆ ಬಿಗಿಯುವ ಪಟ್ಟಿ, ಹಲಗೆಗೂ ಸಿಲಿಂಡರಿಗೂ ನಡುವೆ ವಿಂಗ್ ಎಂಬ ಒಂದು ಗಾಳಿಯ ಚೀಲ. ಇಷ್ಟೇ. ಇಲ್ಲಿಗೆ ನಿಲ್ಲಿಸಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಆತ ಮೊಬೈಲಿನಲ್ಲಿ ಫೋಟೋವನ್ನೂ, ಅದರ ಕೆಳಗಿದ್ದ ಬೆಲೆಯನ್ನೂ ತೋರಿಸಿಬಿಟ್ಟ.

ಮುಂದಿನ ಎರಡು ತಿಂಗಳು ನನ್ನ ಆದಿತ್ಯವಾರಗಳು ಮಣ್ಣುಪಾಲಾದವು. ಸಾಂತಾಕ್ರೂಜಿನ ನನ್ನ ಮನೆಗೆ ಬೆಳಿಗ್ಗೆಯೇ ಬಂದು ಸೋಫಾದಲ್ಲಿ ಕೂತು, ಕಂಪ್ಯೂಟರ್ ತೆಗಿ ಅಳಿಯಾ ಎನ್ನುವರು. ನಾನು ಜಗತ್ತಿನ ಎಲ್ಲ ವಿಂಗುಗಳ ಬೆಲೆ ಓದಬೇಕು, ಅವರು ಒಂದೊಂದಕ್ಕೂ ತಲೆ ಅಲ್ಲಾಡಿಸಬೇಕು. ಈ ಚೀಲಗಳಲ್ಲಿ ಎರಡು ಆಕಾರ. ಒಂದು ಕುದುರೆ ಲಾಳದಂತೆ ಕೆಳಗೆ ಬಿಟ್ಟುಕೊಂಡಿರುತ್ತದೆ, ಇನ್ನೊಂದು ಸುತ್ತ ಕೂಡಿಕೊಂಡಿರುತ್ತದೆ. ಎರಡನೆಯದನ್ನು ನೋಡಿದ್ದೇ ಮಾಮಾನ ಮುಖ ಅರಳಿತು.

"ಇದು ಉದ್ದಿನ ವಡಾ ಅಲ್ಲೇನು? ಇದ ಬೇಕು. ಗಾಳಿ ಈ ಕಡಿಂದ ಆ ಕಡಿಗೆ ತಿರುಗಾಕ ದಾರಿ ಐತಿ. ಅಕಿ ಒಂದು ಮಗ್ಗಲಿಗೆ ಬೀಳೂದಿಲ್ಲ."

ಗಾಳಿ ಆ ಕಡೆಗೆ ತಿರುಗಿದರೆ ಅತ್ತಿ ಯಾಕೆ ಬೀಳುವುದಿಲ್ಲ ಎಂದು ನನಗೆ ತಿಳಿಯಲಿಲ್ಲ, ಆದರೆ ಮಾಮಾ ಒಮ್ಮೆ ವಡೆ ಎಂದ ಮೇಲೆ ಮುಗಿಯಿತು. ಇಂಥ ಸಾಮಾನು ಮಾರುವ ಅಂಗಡಿಗೆ ಹೋಗಿ, ವಡೆಯಾಕಾರದ ವಿಂಗನ್ನು ಕೈಗೆತ್ತಿಕೊಂಡು ಬದನೆಕಾಯಿ ಒತ್ತಿ ನೋಡುವಂತೆ ಸುತ್ತಲೂ ಒತ್ತಿದರು. ಹೊಲಿಗೆ ಎಳೆದರು. ಮೂಸಿದರು ಕೂಡ. ಆಮೇಲೆ ಅಂಗಡಿಯವರನ್ನು ಒಂದು ಬಕೆಟ್ ನೀರು ಕೇಳಿದರು! ಬಾಯಿಂದ ಗಾಳಿ ಊದಿ, ಸೈಕಲ್ ಟ್ಯೂಬ್ ಪಂಕ್ಚರ್ ನೋಡುವ ಹಾಗೆ ಇಂಚಿಂಚು ಮುಳುಗಿಸಿ ಗುಳ್ಳೆ ಹುಡುಕಿದರು. ಒಂದೂ ಗುಳ್ಳೆ ಬರಲಿಲ್ಲ. ಮಾಮಾನಿಗೆ ಸ್ವಲ್ಪ ನಿರಾಶೆಯೇ ಆಯಿತು, ಬೆಲೆ ಇಳಿಸಲು ಕಾರಣ ಸಿಗಲಿಲ್ಲವಲ್ಲ. ಕೊನೆಗೆ ಪ್ಯಾಕೆಟ್ ಹರಿದಿದೆ ಎಂದು ಇಳಿಸಿದರು. ಅದನ್ನು ಹರಿದವರು ಅವರೇ.

ವಿಂಗ್ ಮತ್ತು ಪಟ್ಟಿ ಕೊಂಡದ್ದಾಯಿತು. ಬ್ಯಾಕ್‌ಪ್ಲೇಟ್ ಬೇಡವೇ ಎಂದು ಅಂಗಡಿಯವರು ಕೇಳಿದಾಗ ಮಾಮಾ ನನ್ನನ್ನು ಹೊರಗೆಳೆದರು. "ನಾ ತಗಡಿನ ಪತ್ರಾ ಕೊಯ್ಯಾಂವ. ಇಷ್ಟಗಲ ಪತ್ರಾಕ್ಕ ದುಡ್ಡು ಕೊಟ್ಟು ಬಂದ್ರ, ನಾಳೆ ಕುರ್ಲಾದಾಗ ಹೆಂಗ ತಲಿ ಎತ್ತಿ ಅಡ್ಡ್ಯಾಡ್ಲಿ?"

ಈಗ ಕಾವಲಿಯ ಕಥೆಗೆ ಬಂದೆವು. ಮಾಮಾನ ಸಿದ್ಧಾಂತದಲ್ಲಿ ಗಟ್ಟಿ ವಸ್ತು ಎಂದರೆ ದಪ್ಪ ವಸ್ತು. ಹೆಂಡತಿಯ ಜೀವದ ಪ್ರಶ್ನೆ ಬೇರೆ. ಸರಿ, ವರ್ಕ್‌ಶಾಪಿನಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದು ಹೋಟೆಲಿನ ದೋಸೆ ಕಾವಲಿಯ ತಗಡು. ಅದನ್ನೇ ಕೊಯ್ದು, ತೂತು ಕೊರೆದು, ಬೆನ್ನಿನ ಆಕಾರಕ್ಕೆ ಬಗ್ಗಿಸಿ, ಅಂಚು ಉಜ್ಜಿ, ಒಂದು ಆದಿತ್ಯವಾರ ಸಾಂತಾಕ್ರೂಜಿನ ಕಡೆ ಡೈವಿಂಗ್ ಕಲಿಸುವ ಈಜುಕೊಳಕ್ಕೆ ತಂದರು. ಎತ್ತಿಕೊಂಡು ಬಂದವನು ನಾನು, ಹಾಗಾಗಿ ತೂಕದ ಬಗ್ಗೆ ನನಗೆ ಯಾರೂ ಹೇಳಬೇಕಾಗಿಲ್ಲ. ಕಲಿಸುವವರು ಅದನ್ನು ನೋಡಿ, ತಡೀರಿ ಅಂಕಲ್ ಎನ್ನುವಷ್ಟರಲ್ಲಿ ಮಾಮಾ ಅಲ್ಲಿದ್ದ ಸಿಲಿಂಡರ್ ಸಮೇತ ಎಲ್ಲವನ್ನೂ ಬಿಗಿದುಕೊಂಡು, ಅಕಿಗೆ ಹಾಕೂ ಮೊದಲು ನಾ ಹಾಕ್ಕೊಂಡು ನೋಡಬೇಕಲ್ಲ ಎಂದು ನೀರಿಗೆ ಇಳಿದೇಬಿಟ್ಟರು.

ಇಳಿದರು ಎಂದರೆ ಇಳಿದರು. ವಿಂಗಿಗೆ ಗಾಳಿ ಬಿಡುವುದನ್ನೇ ಮರೆತಿದ್ದರು. ಕಲಿಸುವವರು ಹಿಂದೆಯೇ ಹಾರಿ ನೋಡಿದರೆ, ಮಾಮಾ ತಳದಲ್ಲಿ ಪಂಕ್ತಿಯಲ್ಲಿ ಊಟಕ್ಕೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತು, ನೆಮ್ಮದಿಯಿಂದ ಅತ್ತಿತ್ತ ನೋಡುತ್ತಿದ್ದರಂತೆ. ಮೇಲೆ ತಂದು ಬಾಯಿಯ ನಳಿಗೆ ತೆಗೆದ ಮೇಲೆ ಅವರು ಆಡಿದ್ದು ಎರಡೇ ಮಾತು: "ಗಟ್ಟಿ ಐತಿ."

ಹಲಗೆ ಇದರ ಕಾಲುಭಾಗ ದಪ್ಪವಿದ್ದರೆ ಸಾಕು ಎಂದು ಕಲಿಸುವವರು ವಿವರಿಸಿದರು. ಹೊರಳುವುದಕ್ಕೆ ವಡೆಯೂ ಮದ್ದಲ್ಲ, ಗಟ್ಟಿ ಹಲಗೆಯೂ ಮದ್ದಲ್ಲ. ಪಟ್ಟಿ ಮೈಗೆ ಸರಿಯಾಗಿ ಕೂತು, ಹಲಗೆಯ ಎಡಬದಿಗೆ ಸಣ್ಣದೊಂದು ಸೀಸದ ತುಂಡು ಸಿಕ್ಕಿಸಿದರೆ ಮೈ ಸಮನಾಗುತ್ತದೆ ಎಂದರು. ಮಾಮಾ ಆ ಗುರುಗಳ ಕಾಲು ಮುಟ್ಟುವುದೊಂದು ಬಾಕಿ. ಹಳೆಯ ಹಲಗೆಯನ್ನು ಕಾವಲಿ ಮಾಡೋಣವೆಂದರೆ ತೂತುಗಳಿಂದ ದೋಸೆಹಿಟ್ಟು ಸೋರುತ್ತದೆ. ಹಾಗಾಗಿ ಅದು ಜಾಡಿಯ ಅಡಿಗೆ ಹೋಯಿತು.

ಹೊಸ ಹಲಗೆಗೆ ಅತ್ತಿಯ ಬೆನ್ನಿನ ಅಳತೆ ಬೇಕಿತ್ತು. ಅತ್ತಿ ಕೊಡಲು ಒಪ್ಪಲಿಲ್ಲ. ಮಾಮಾ ಪಟ್ಟು ಹಿಡಿದಾಗ, ಬಿಡಿಸುತ್ತಿದ್ದ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು, "ನೀರಿನ ಅಂಜಿಕಿ ನನಗಿಲ್ರಿ. ಎಲ್ಲಾರ ಮುಂದ ಮತ್ತೊಮ್ಮೆ ಮ್ಯಾಲ ಎಳಿಸಿಕೊಳ್ಳಾಕ ನನಗ ಆಗೂದಿಲ್ಲ" ಎಂದರು.

ಆಮೇಲೆ ಮಾಮಾ ಹೇಳಿದ ಮಾತು ನಾನು ಅವರಿಂದ ನಿರೀಕ್ಷಿಸಿರಲಿಲ್ಲ. "ಕೊಳಕ್ಕ ಬಾ. ಅಲ್ಲಿ ನಿನ್ನ ಯಾರೂ ನೋಡೂದಿಲ್ಲ. ನಾನೂ ನೋಡೂದಿಲ್ಲ."

ಕೊಟ್ಟ ಮಾತು ಉಳಿಸಿಕೊಂಡರು. ಡಾಕ್ಟರು ಅಡ್ಡಿಯಿಲ್ಲ ಎಂದು ಬರೆದುಕೊಟ್ಟ ಮೇಲೆ, ಅತ್ತಿ ನೀರಿಗಿಳಿದ ಮೊದಲ ದಿನ ಮಾಮಾ ಕೊಳಕ್ಕೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂತರು. ನನ್ನನ್ನೂ ಕೂರಿಸಿದರು. ಮುಕ್ಕಾಲು ಗಂಟೆ ನಾವಿಬ್ಬರೂ ಬಿಳಿ ಟೈಲ್ಸ್ ನೋಡಿದೆವು. ಟೈಲ್ಸ್ ಕೂರಿಸಿದವನಿಗೆ ಕೆಲಸ ಬರುವುದಿಲ್ಲ ಎಂದು ಮಾಮಾ ಎರಡು ಸಲ ಗೊಣಗಿದರು. ಕೊನೆಗೆ ಕಲಿಸುವವರು ಕರೆದಾಗ ತಿರುಗಿ ನೋಡಿದರೆ, ಅತ್ತಿ ನೀರಿನ ನಡುವೆ ಚಾಪೆ ಹಾಸಿದ ಹಾಗೆ ಸಮನಾಗಿ ಮಲಗಿದ್ದರು.

ಇಬ್ಬರೂ ಪಾಠ ಮುಗಿಸಿ ಚಳಿಗಾಲದಲ್ಲಿ ಮತ್ತೆ ಮಾಲವಣಕ್ಕೆ ಹೊರಟರು. ಅತ್ತಿಗೆ ಹೊಸ ಹಲಗೆ, ವಡೆಯ ವಿಂಗು. ಮಾಮಾನಿಗೆ ಬಾಡಿಗೆಯ ಜಾಕೆಟ್. ಈಜು ಬಾರದ ನಾನು ಇಬ್ಬರ ಚಪ್ಪಲಿ, ಕನ್ನಡಕ ಹಿಡಿದುಕೊಂಡು ದೋಣಿಯಲ್ಲಿ ಕೂತೆ. ಅವರು ಗೈಡಿನ ಜೊತೆ ಮುಳುಗಿದರು. ನಾನು ಗಡಿಯಾರ ನೋಡಿದೆ. ಎರಡು ನಿಮಿಷವಾಯಿತು. ಯಾರೂ ಮೇಲೆ ಬರಲಿಲ್ಲ. ಐದಾಯಿತು, ಹತ್ತಾಯಿತು. ಕಂಡ ದೇವರಿಗೆಲ್ಲ ಕೈ ಮುಗಿದೆ.

ಅರ್ಧ ಗಂಟೆಯ ಮೇಲೆ ಮೊದಲು ಕಂಡದ್ದು ಅತ್ತಿಯ ತಲೆ. ಮಾಮಾ ಇನ್ನೂ ಆಚೆ ಗೈಡಿನ ಜೊತೆ ಏದುಸಿರು ಬಿಡುತ್ತಾ ಬರುತ್ತಿದ್ದರು. ಅತ್ತಿ ದೋಣಿಯ ಅಂಚು ಹಿಡಿದು, ಮುಖವಾಡ ಸರಿಸಿ ನಕ್ಕರು.

"ಮೂವತ್ತು ವರ್ಷದಾಗ ಇವತ್ತ ಮೊದಲನೇ ಸಲ ಇವರು ನನ್ನ ಹಿಂದ ಬಂದ್ರು."

ಮರುದಿನ ಕುರ್ಲಾದಲ್ಲಿ ಇಳಿದೆವು. ಅದೇ ನೂಕುನುಗ್ಗಲು, ಅದೇ ಬ್ರಿಜ್ಜು. ಅತ್ತಿ ಅಭ್ಯಾಸಬಲದಿಂದ, "ನೀವು ನಡೀರಿ, ನಾ ಬರ್ತೀನಿ" ಎಂದು ಕಂಬಿ ಹಿಡಿದರು. ಮಾಮಾ ನಾಲ್ಕು ಮೆಟ್ಟಿಲು ಹತ್ತಿದವರು ತಟ್ಟನೆ ನಿಂತು ತಿರುಗಿದರು. ಅವರೇ ಹೇಳಿದ್ದ ಹಾಗೆ ಎದುರಿಗೆ ಬರುತ್ತಿದ್ದವನು ಡಿಕ್ಕಿ ಹೊಡೆದು ಬೈದು ಹೋದ. ಮಾಮಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಆ ನಾಲ್ಕು ಮೆಟ್ಟಿಲು ಇಳಿದು ಹೋಗಿ ಅತ್ತಿಯ ಪಕ್ಕ ನಿಂತರು.

"ನಡಿ," ಎಂದರು. "ಅವಸರೇನೈತಿ."